ಗುಡಿಯ ಬಾಗಿಲಲ್ಲಿ ನೆಲ್ ಹಾಬ್ಸನ್ ಬಿಟ್ಟ ಬೂಟು

ಸುರಂಗದ ಕೊನೆಗೊಂದು ಪಾಳುಗುಡಿ. ಗುಡಿಯ ನಡುವೆ ಕಲ್ಲಿನ ಕಂಬ. ಕಂಬದ ಬುಡದಲ್ಲಿ ನೆಲ್ ಹಾಬ್ಸನ್‌ಳನ್ನು ಕೂರಿಸಿ, ಎರಡೂ ಕೈಗಳನ್ನು ಕಂಬದ ಹಿಂದಕ್ಕೆಳೆದು ಬಿಗಿದಿದ್ದಾರೆ. ಅವಳ ನೆತ್ತಿಯ ಮೇಲೆ ಆನೆಗಾತ್ರದ ಬಂಡೆಯೊಂದು ಹಗ್ಗದಲ್ಲಿ ನೇತಾಡುತ್ತಿದೆ. ಆ ಹಗ್ಗದ ಇನ್ನೊಂದು ತುದಿ ಉರಿಯುವ ಮೇಣದಬತ್ತಿಯ ಬುಡವನ್ನು ಸವರಿಕೊಂಡು ಹೋಗಿದೆ. ಬತ್ತಿ ಕರಗಿ ಉರಿ ಕೆಳಗಿಳಿದರೆ ಹಗ್ಗ ಸುಡುತ್ತದೆ, ಹಗ್ಗ ಸುಟ್ಟರೆ ಬಂಡೆ ಬೀಳುತ್ತದೆ, ಬಂಡೆ ಬಿದ್ದರೆ ನೆಲ್ ಹಾಬ್ಸನ್ ಚಟ್ನಿ. ಖಳನಾಯಕ ಕರ್ನಲ್ ಸ್ಲೇಟ್ ಒಬ್ಬ ನರಪೇತಲ ಬಂಟನನ್ನು ಬಾಗಿಲಿಗೆ ಕಾವಲಿಟ್ಟು, ಗಹಗಹಿಸಿ ನಕ್ಕು ಹೊರಟುಹೋದ. ಅಲ್ಲಿಗೆ ಆ ವಾರದ ಕಂತು ಮುಗಿಯಿತು.

ಇದೆಲ್ಲ ನಡೆದದ್ದು ‘ಬ್ರಾಡ್‌ಸೈಡ್’ ಎಂಬ ಇಂಗ್ಲೆಂಡಿನ ವಾರದ ಕಾಮಿಕ್ಕಿನಲ್ಲಿ. ಈ ಕಾಲದಲ್ಲೂ ವಾರದ ಕಾಮಿಕ್ಕೇ ಎಂದು ಮೂಗು ಮುರಿಯಬೇಡಿ. ಅಲ್ಲಿನ ಮಕ್ಕಳು, ಮಕ್ಕಳ ಹೆಸರು ಹೇಳಿಕೊಂಡು ಅವರ ಅಪ್ಪಂದಿರು, ಇನ್ನೂ ಅದನ್ನು ಕಾದು ಕೊಂಡು ಓದುತ್ತಾರೆ. ಆದರೆ ನೆಲ್ ಹಾಬ್ಸನ್‌ಳ ಒಂದೊಂದು ಗೆರೆಯೂ ಹುಟ್ಟುವುದು ಕಡಲಾಚೆಯ ಪೆಟಾಲಿಂಗ್ ಜಯಾ ಎಂಬ ಊರಿನ ಒಂದು ಕಾಂಡೊ ಫ್ಲ್ಯಾಟಿನಲ್ಲಿ, ಎಲ್‌ಆರ್‌ಟಿ ರೈಲು ಹಾದುಹೋದಾಗಲೆಲ್ಲ ಕಿಟಕಿ ಗುಂಯ್‌ಗುಡುವ ಕೋಣೆಯಲ್ಲಿ. ಕತೆ ಬರೆಯುವವರು ಲಂಡನ್ನಿನ ಒಬ್ಬ ಹಿರಿಯರು. ಚಿತ್ರ ಬರೆಯುವವಳು ಮೈಸೂರಿನ ಸಮೀಕ್ಷಾ.

ಚಿಕ್ಕವಳಿದ್ದಾಗ ಅಗ್ರಹಾರದ ಬಾಡಿಗೆ ಲೈಬ್ರರಿಯಲ್ಲಿ ಹಳೆಯ ಬ್ರಿಟಿಷ್ ಕಾಮಿಕ್ಕುಗಳನ್ನು ದಾರ ಹಾಕಿ ಹೊಲಿದು ಇಟ್ಟಿರುತ್ತಿದ್ದರು. ಸಮೀಕ್ಷಾ ಅವನ್ನು ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು, ಸಾರಿನ ಕಲೆ ಮಾಡಿ, ಅಮ್ಮನಿಂದ ಬೈಸಿಕೊಂಡು ಓದುತ್ತಿದ್ದಳು. ಜಲಾಂತರ್ಗಾಮಿ, ಹಿಮಕರಡಿ, ಹಾರುವ ರೈಲಿನ ಚಾವಣಿಯ ಮೇಲಿನ ಹೊಡೆದಾಟ! ಒಂದು ಸಲ ಮಾತ್ರ ಬಾವಿಯ ತಳದಲ್ಲಿ ಮೊಸಳೆಗಳ ನಡುವೆ ಸಿಕ್ಕಿಬಿದ್ದ ನಾಯಕ ಮುಂದಿನ ಕಂತಿನಲ್ಲಿ ‘ಹೇಗೋ ಪಾರಾಗಿ’ ಹಡಗಿನ ಮೇಲೆ ಚಹಾ ಕುಡಿಯುತ್ತಿದ್ದ. ಹೇಗೋ ಎಂದರೆ ಹೇಗೆ? ಆ ಮೋಸಕ್ಕೆ ಅವಳು ಎರಡು ಹೊತ್ತು ಊಟ ಬಿಟ್ಟಿದ್ದಳು. ಅಂಥ ಕಾಮಿಕ್ಕಿಗೆ ತಾನೇ ಚಿತ್ರ ಬರೆಯುವ ದಿನ ಬಂದಾಗ ಅವಳು ಸಂತೋಷಕ್ಕೆ ಅತ್ತೇಬಿಟ್ಟಿದ್ದಳು.

ಆದರೆ ಬ್ರಾಡ್‌ಸೈಡಿನಲ್ಲಿ ಒಂದು ಕಟುಕ ಪದ್ಧತಿಯಿದೆ. ಪ್ರತಿ ಸಂಚಿಕೆಯ ಕೊನೆಯಲ್ಲಿ ಒಂದು ಚೀಟಿ. ಯಾವ ಕತೆ ಹೆಚ್ಚು ಇಷ್ಟ, ಯಾವುದು ಕಡಿಮೆ ಎಂದು ಓದುಗರು ಅದರಲ್ಲಿ ಬರೆದು ಕಳಿಸಬೇಕು. ತೀರ ಕೆಳಗೆ ಬಿದ್ದ ಕತೆಗೆ ಅಲ್ಲಿಗೇ ಮಂಗಳ. ನೆಲ್ ಹಾಬ್ಸನ್ ಈಗ ಆ ಪಟ್ಟಿಯ ಬುಡದಲ್ಲಿದ್ದಳು.

ಆ ಮಧ್ಯಾಹ್ನ ಸಮೀಕ್ಷಾ ಭಾರಿ ಹುರುಪಿನಲ್ಲಿದ್ದಳು. ಬಿಡುಗಡೆಯ ಕಂತಿನ ಸ್ಕ್ರಿಪ್ಟು ಮುಂದಿತ್ತು: ನೆಲ್ ಕಾಲು ಮಡಚಿ ಹಿಂದಕ್ಕೆ ಸರಿಸುತ್ತಾಳೆ, ಬೂಟಿನ ಹಿಮ್ಮಡಿಯನ್ನು ತಿರುಗಿಸುತ್ತಾಳೆ, ಹಿಮ್ಮಡಿಯೊಳಗಿಂದ ತಂತಿಯ ಗರಗಸ ಹೊರಬರುತ್ತದೆ. ಆ ಹಿಮ್ಮಡಿಯ ಗುಟ್ಟನ್ನು ಮೊದಲ ಕಂತಿನಲ್ಲೇ ಓದುಗರಿಗೆ ತೋರಿಸಿಟ್ಟಿದ್ದರು. ಸಮೀಕ್ಷಾ ಮೊಣಕಾಲು ಬರೆದಳು, ಮೀನಖಂಡ ಬರೆದಳು, ಪಾದ ಬರೆದಳು, ಬೆರಳು ಬರೆದಳು.

ಬೆರಳು?

ಪೆನ್ನು ನಿಂತಿತು. ಬೂಟು ಹಾಕಿದ ಕಾಲಿಗೆ ಬೆರಳು ಯಾಕೆ ಬರೆದೆ? ಹಿಂದಿನ ಕಂತಿನ ಪುಟ ತೆಗೆದು ನೋಡಿದಳು. ನೆಲ್ ಗುಡಿಯೊಳಗೆ ನುಗ್ಗುವ ಚಿತ್ರದಲ್ಲಿ ಅವಳ ಕಾಲು ಬರಿಗಾಲು. ಹೊಸ್ತಿಲಾಚೆ ಅವಳ ಬೂಟುಗಳು, ಒಂದರ ಪಕ್ಕದಲ್ಲೊಂದು, ಲೇಸನ್ನು ಒಳಗೆ ಸೇರಿಸಿ, ನೀಟಾಗಿ. ಸ್ಕ್ರಿಪ್ಟಿನಲ್ಲಿ ಅಂಥದ್ದೇನೂ ಇರಲಿಲ್ಲ. ‘ನೆಲ್ ಗುಡಿಯೊಳಗೆ ಓಡುತ್ತಾಳೆ’ ಎಂದಷ್ಟೇ ಇತ್ತು. ಉಳಿದದ್ದನ್ನು ಸಮೀಕ್ಷಾಳ ಕೈ ತಾನಾಗಿ ಮಾಡಿತ್ತು. ಕಾವಲುಗಾರನಿಗೂ ಆ ಕೈ ಚಪ್ಪಲಿ ಕೊಟ್ಟಿರಲಿಲ್ಲ.

ಆ ಸಂಚಿಕೆ ಅಂದು ಬೆಳಿಗ್ಗೆಯೇ ಇಂಗ್ಲೆಂಡಿನ ಅಂಗಡಿಗಳಿಗೆ ಬಂದಾಗಿತ್ತು. ಸಮೀಕ್ಷಾ ಸಂಪಾದಕಿ ಫಿಯೋನಾಗೆ ಫೋನ್ ಮಾಡಿದಳು. ಫಿಯೋನಾ ಕೂಡ ಆ ಪುಟವನ್ನು ನೋಡಿ ಪಾಸು ಮಾಡಿದ್ದವಳೇ. ಈಗ ಕಣ್ಣಿಗೆ ಬಿತ್ತು. ಇಂಗ್ಲಿಷಿನಲ್ಲಿ ನಡೆದ ಮಾತು ಕನ್ನಡದಲ್ಲಿ ಹೀಗೆ:

“ಸಮೀಕ್ಷಾ, ಹಿಂದೆ ಬೇಟೆನಾಯಿಗಳು ಬರ್ತಿವೆ. ಜೀವ ಕೈಯಲ್ಲಿ ಹಿಡ್ಕೊಂಡು ಓಡ್ತಿರೋ ಹುಡುಗಿ ಬಾಗಿಲಲ್ಲಿ ನಿಂತು ಬೂಟು ಬಿಚ್ಚಿದಳಾ?”

“ಅದು ಗುಡಿ,” ಎಂದಳು ಸಮೀಕ್ಷಾ.

“ಹೌದು, ಗುಡಿ. ಅದಕ್ಕೆ?”

ಬೂಟು ಹಾಕಿಕೊಂಡು ಗುಡಿಯೊಳಗೆ ಹೋಗಬಹುದು ಎಂಬುದೇ ಸಮೀಕ್ಷಾಳ ತಲೆಗೆ ಹೊಳೆದಿರಲಿಲ್ಲ.

ಫಿಯೋನಾ ಕೆಟ್ಟವಳಲ್ಲ, ಆದರೆ ಅವಳ ಕೈಯೂ ಕಟ್ಟಿತ್ತು. ಲೇಖಕರು ಸ್ಕಾಟ್ಲೆಂಡಿನ ಯಾವುದೋ ದ್ವೀಪಕ್ಕೆ ಮೀನು ಹಿಡಿಯಲು ಹೋಗಿದ್ದರು, ಫೋನಿಗೆ ಸಿಗುತ್ತಿರಲಿಲ್ಲ. “ನಾಳೆ ಬೆಳಿಗ್ಗೆ ನಾನು ಆಫೀಸಿಗೆ ಬರುವಷ್ಟರಲ್ಲಿ ಪುಟಗಳು ಬೇಕು. ಇಲ್ಲದಿದ್ದರೆ ‘ನೆಲ್ ಹೇಗೋ ಪಾರಾದಳು’ ಅಂತ ಒಂದು ಸಾಲು ಹಾಕಿ, ಆ ಜಾಗಕ್ಕೆ ಹಳೆಯ ಕತೆ ತುಂಬಿಸ್ತೀನಿ. ಪಟ್ಟಿಯಲ್ಲಿ ನೆಲ್ ಎಲ್ಲಿದ್ದಾಳೆ ನಿನಗೇ ಗೊತ್ತು. ಆಮೇಲೆ ಅವಳನ್ನ ಉಳಿಸೋದು ನನ್ನಿಂದ ಆಗಲ್ಲ.”

‘ಹೇಗೋ.’ ಆ ಮಾತು ಕೇಳಿ ಸಮೀಕ್ಷಾಳ ಮೈಯೆಲ್ಲ ಉರಿಯಿತು. ಇಂಗ್ಲೆಂಡಿನ ಯಾವುದೋ ಮನೆಯಲ್ಲಿ ತಟ್ಟೆಯ ಪಕ್ಕ ಕಾಮಿಕ್ಕು ಇಟ್ಟುಕೊಂಡ ಹುಡುಗಿಯೊಬ್ಬಳು ವಾರವಿಡೀ ಕಾದು ಆ ‘ಹೇಗೋ’ ಓದಬೇಕೇ? ಸಾಧ್ಯವೇ ಇಲ್ಲ.

ಸಂಜೆ ಗಂಡ ಮನೀಷ್ ದಾರಿಯಲ್ಲಿ ಮಾಮಕ್ ಎಂಬ ತಮಿಳು ಮುಸ್ಲಿಮರ ಹೋಟೆಲಿನಿಂದ ಪರೋಟದಂಥ ರೊಟ್ಟಿ ಚನಾಯ್ ಕಟ್ಟಿಸಿಕೊಂಡು ಬಂದ. ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ ಎಂದು ಹೆಂಡತಿಯ ಮೆಸೇಜು ನೋಡಿಯೇ ಅವನಿಗೆ ಗೊತ್ತಾಗಿತ್ತು. ಮಗಳು ಧೃತಿ ಆಗಲೇ ಅಮ್ಮನ ಕುರ್ಚಿಯ ಹಿಂದೆ ನಿಂತು ಪರದೆ ನೋಡುತ್ತಿದ್ದಳು.

“ತಲೇಲಿ ಒಂದು ಹೇರ್‌ಪಿನ್ ಇತ್ತು ಅಂದ್ಬಿಡು ಸಮಿ,” ಎಂದ ಮನೀಷ್. “ಅದ್ರಲ್ಲೇ ಗಂಟು ಬಿಚ್ಚಿದ್ಲು. ಸಿಂಪಲ್.”

“ಕೈ ಕಂಬದ ಹಿಂದೆ ಇದೆ, ತಲೆಗೆ ಹೇಗ್ರೀ ಎಟುಕತ್ತೆ? ಮೊದ್ಲು ತೋರಿಸ್ದೇ ಇರೋದನ್ನ ಈಗ ತೆಗೀಬಾರ್ದು. ಅದು ಮೋಸ.”

“ಅಮ್ಮಾ, ಶೀ ಈಸ್ ಡೆಡ್ ಲಾ,” ಎಂದಳು ಧೃತಿ ಆ ಊರಿನ ಇಂಗ್ಲಿಷಿನಲ್ಲಿ, ರೊಟ್ಟಿ ಅಗಿಯುತ್ತಾ. “ಮೇಕ್ ಹರ್ ಎ ಘೋಸ್ಟ್.”

ಇಬ್ಬರನ್ನೂ ಕೋಣೆಯಿಂದ ಆಚೆ ಅಟ್ಟಿ ಸಮೀಕ್ಷಾ ಬಾಗಿಲು ಹಾಕಿಕೊಂಡಳು. ಇಲಿ ಬಂದು ಹಗ್ಗ ಕಡಿದರೆ? ಥೂ, ಇಲಿಯನ್ನು ಎಲ್ಲೂ ತೋರಿಸಿಲ್ಲ. ಊದಿ ಬತ್ತಿ ಆರಿಸಿದರೆ? ಮೇಣದಬತ್ತಿಯನ್ನು ಅಷ್ಟು ದೂರದಲ್ಲಿ ಬರೆದವಳೂ ಇವಳೇ. ಕಂಬ ಅಲ್ಲಾಡಿಸಿದರೆ ಬಂಡೆ ಈಗಲೇ ಬೀಳುತ್ತದೆ. ಪುಟದಲ್ಲಿ ಇದ್ದದ್ದೆಂದರೆ ಒಂದು ಗುಡಿ, ಒಂದು ಕಂಬ, ಬರಿಗಾಲಿನ ಕಾವಲುಗಾರ, ಹೊಸ್ತಿಲಾಚೆಯ ಆ ಹಾಳು ಬೂಟು. ಗರಗಸವೇನೋ ಅದರೊಳಗೇ ಇತ್ತು. ಆದರೆ ಬೂಟು ಅಲ್ಲಿ, ನೆಲ್ ಇಲ್ಲಿ!

ಅಷ್ಟರಲ್ಲಿ ಮುಂಬಾಗಿಲಲ್ಲಿ ಗಲಾಟೆ.

ಮಾವ ತಿಮ್ಮಯ್ಯನವರು ಮೈಸೂರಿನಿಂದ ಮಗನ ಮನೆಗೆ ಬಂದು ತಿಂಗಳಾಗಿತ್ತು. ದಿನಾ ಸಂಜೆ ಹಿಂದಿನ ಬೀದಿಯ ಗಣೇಶನ ಗುಡಿಗೆ ಹೋಗಿಬರುತ್ತಿದ್ದರು. ಮನೀಷ್ ಕೊಡಿಸಿದ ಹೊಸ ಸ್ಪೋರ್ಟ್ಸ್ ಶೂ ಹಾಕಿಕೊಂಡು ಹೋಗಿದ್ದವರು ಈಗ ಯಾವುದೋ ಮಗುವಿನದಿರಬಹುದಾದ ಗುಲಾಬಿ ಬಣ್ಣದ ಹವಾಯಿ ಚಪ್ಪಲಿಯಲ್ಲಿ ಕುಂಟುತ್ತಾ ನಿಂತಿದ್ದರು. ಅರ್ಧ ಪಾದ ಚಪ್ಪಲಿಯಲ್ಲಿ, ಅರ್ಧ ನೆಲದ ಮೇಲೆ.

“ಹೊಡ್ಕೊಂಡು ಹೋದ್ನಲ್ಲೋ ನನ್ ಶೂನ! ಮಂಗಳಾರತಿ ತಗೊಂಡು ಆಚೆ ಬರೋ ಅಷ್ಟರಲ್ಲಿ ಇಲ್ಲ! ಉಳಿದಿದ್ದು ಇದೊಂದೇ ಜೊತೆ. ಇದ್ನೇ ಸಿಕ್ಕಿಸ್ಕೊಂಡು ಬಂದೆ. ನಮ್ಮೂರಲ್ಲೂ ಹೊಡೀತಾರೆ, ಇಲ್ಲೂ ಹೊಡೀತಾರೆ. ದೇವ್ರು ಎಲ್ಲಾ ಕಡೆ ಒಬ್ನೇ ಅಂತಾರೆ, ಈ ಕಳ್ಳಾನೂ ಒಬ್ನೇ ಇರ್ಬೇಕು!”

ಮನೀಷ್ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದ. ಧೃತಿ ಮುಚ್ಚಿಡಲೂ ಇಲ್ಲ, ಬಿದ್ದು ಬಿದ್ದು ನಕ್ಕಳು. ತಿಮ್ಮಯ್ಯನವರು ಗೋಡೆಗೆ ಒರಗಿ, ನೋಯುತ್ತಿದ್ದ ಹಿಮ್ಮಡಿಯನ್ನು ಚಪ್ಪಲಿಯಿಂದ ಎತ್ತಿ ನಿಂತರು.

ಕೋಣೆಯ ಬಾಗಿಲು ತೆರೆದು ನೋಡುತ್ತಿದ್ದ ಸಮೀಕ್ಷಾ ಮಾತ್ರ ನಗಲಿಲ್ಲ. ಅವಳ ಕಣ್ಣು ಆ ಎತ್ತಿದ ಹಿಮ್ಮಡಿಯ ಮೇಲೆ ನೆಟ್ಟುಬಿಟ್ಟಿತ್ತು.

“ಮಾವಾ! ಹಾಗೇ ನಿಂತ್ಕೊಳಿ! ಅಲ್ಲಾಡ್ಬೇಡಿ!”

“ಯಾಕಮ್ಮಾ, ಚೇಳೇನಾದ್ರೂ ಇದ್ಯಾ?” ಎಂದರು ಅವರು ಗಾಬರಿಯಿಂದ.

ಅವಳು ಆಗಲೇ ಹಾಳೆ ಹಿಡಿದು ಬಂದು ನೆಲದ ಮೇಲೆ ಕೂತು ಅವರ ಕಾಲನ್ನು ಗೀಚತೊಡಗಿದ್ದಳು. ಗುಡಿಯ ಮುಂದೆ ಒಳ್ಳೆಯ ಜೋಡು ಬಿಟ್ಟರೆ ಏನಾಗುತ್ತದೆ? ಯಾರಾದರೂ ಹಾಕಿಕೊಂಡು ಹೋಗುತ್ತಾರೆ! ಬರಿಗಾಲಿನ ಕಾವಲುಗಾರ ಎದುರಿಗೇ ನಿಂತಿದ್ದಾನೆ. ಅವನ ಮುಂದೆ ಹೊಳೆಯುವ ಬೂಟು. ಅವನೇನು ಸನ್ಯಾಸಿಯೇ?

ಅಲ್ಲಿಂದ ಮುಂದೆ ಕೈ ಹಿಡಿದು ನಿಲ್ಲಿಸುವವರಿರಲಿಲ್ಲ. ಕಾವಲುಗಾರ ಅತ್ತಿತ್ತ ನೋಡುತ್ತಾನೆ. ಒಂದು ಕಾಲು ತೂರಿಸುತ್ತಾನೆ, ಇನ್ನೊಂದು ಕಾಲು ತೂರಿಸುತ್ತಾನೆ. ಬೂಟು ಬಿಗಿ, ಆದರೆ ಗತ್ತು ಬಿಡಲಾದೀತೇ? ಟಕ್ ಟಕ್ ಎಂದು ಗುಡಿಯೊಳಗೆ ಬರುತ್ತಾನೆ, ಬತ್ತಿ ಎಷ್ಟು ಉಳಿದಿದೆ ನೋಡುವ ನೆಪದಲ್ಲಿ ನೆಲ್‌ಳ ಮುಂದೆ ಮೆರೆಯಲು. ನೆಲ್ ಅವನ ಕಾಲು ನೋಡುತ್ತಾಳೆ. ಬತ್ತಿ ಕರಗುತ್ತಿದೆ! ಬೂಟು ಕಚ್ಚುತ್ತಿದೆ! ಅವನು ಕಂಬದ ಹಿಂದೆ ಬಂದು ಬೆನ್ನು ಒರಗಿಸಿ, ನೋವಿಗೆ ಮುಖ ಕಿವುಚಿ, ಪಾದವನ್ನು ಬೂಟಿನಿಂದ ಅರ್ಧ ಹೊರಗೆಳೆಯುತ್ತಾನೆ. ಖಾಲಿ ಹಿಮ್ಮಡಿ ನೆಲ್‌ಳ ಕಟ್ಟಿದ ಬೆರಳುಗಳ ಪಕ್ಕದಲ್ಲೇ! ಹಗ್ಗದ ಮೊದಲ ಎಳೆ ಚುರ್ರೆನ್ನುತ್ತದೆ. ಬೆರಳು ಚಾಚುತ್ತದೆ, ಹಿಮ್ಮಡಿ ತಿರುಗುತ್ತದೆ, ಗರಗಸ ಜಾರಿ ಅಂಗೈಗೆ ಬರುತ್ತದೆ. ಸರ್ರ್, ಸರ್ರ್! ಕಟ್ಟು ಹರಿಯಿತು! ನೆಲ್ ಒಂದೇ ನೆಗೆತಕ್ಕೆ ಎದ್ದು, ಕಾವಲುಗಾರನ ಕೊರಳಪಟ್ಟಿ ಹಿಡಿದು ಅವನನ್ನೂ ಎಳೆದುಕೊಂಡು ಹೊಸ್ತಿಲಾಚೆ ಹಾರಿದಳು. ಹಿಂದೆ ಬಂಡೆ ಧಡಾರ್!

ಮಾರನೆಯ ದಿನ ಮಧ್ಯಾಹ್ನ, ಇಂಗ್ಲೆಂಡಿನಲ್ಲಿ ಇನ್ನೂ ಬೆಳಗಾಗುತ್ತಿದ್ದಾಗ, ಕೊನೆಯ ಪುಟವನ್ನು ಕಳಿಸುವಾಗ ಸಮೀಕ್ಷಾಳ ಕುತ್ತಿಗೆ ಹಿಡಿದುಕೊಂಡಿತ್ತು, ಬೆರಳು ಸೆಟೆದುಕೊಂಡಿತ್ತು, ಖುಷಿ ಮಾತ್ರ ಹೊಟ್ಟೆಯೊಳಗೆ ಕುಣಿಯುತ್ತಿತ್ತು. ಧೃತಿ ಶಾಲೆಯಿಂದ ಬಂದವಳು ಬ್ಯಾಗು ಇಳಿಸದೆಯೇ ಪುಟಗಳನ್ನು ಓದಿದಳು. ಬೂಟಿನ ಚಿತ್ರ ಬಂದಾಗ ಅವಳ ಬಾಯಿಂದ ಕನ್ನಡವೇ ಬಂತು: “ಅಯ್ಯೋ, ತಾತನ ಕಾಲು!”

ಆಮೇಲೆ ಕಾಯುವ ಹಿಂಸೆ. ಕೊನೆಗೆ ಫೋನ್ ಬಂತು. ಮೊದಲು ಬರೀ ನಗು ಕೇಳಿಸಿತು. “ಆ ಕಳ್ಳ! ಆ ಕಳ್ಳ!” ಎಂದು ಫಿಯೋನಾ ಏದುಸಿರು ಬಿಡುತ್ತಾ ಹೇಳುತ್ತಿದ್ದಳು. “ಇಡೀ ಆಫೀಸು ನನ್ನ ಮೇಜಿನ ಸುತ್ತ ನಿಂತಿದೆ. ಅಚ್ಚಿಗೆ ಹೋಗ್ತಿದೆ ಸಮೀಕ್ಷಾ, ಒಂದು ಗೆರೆಯೂ ಬದಲಾಗದೆ.” ಸಮೀಕ್ಷಾ ಫೋನಿಟ್ಟು, ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದ ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಹಬ್ಬವಲ್ಲ, ಹುಣ್ಣಿಮೆಯಲ್ಲ, ಯಾಕೆಂದು ಅವರಿಗೆ ತಿಳಿಯಲಿಲ್ಲ. ತಿಳಿಸಿ ಹೇಳಿದ ಮೇಲೂ ಅವರ ದುಃಖ ಶೂವಿನದೇ ಆಗಿತ್ತು.

ಚೀಟಿಗಳು ಬಂದವು. ನೆಲ್ ಪಟ್ಟಿಯ ಬುಡದಿಂದೆದ್ದು ನಡುವನ್ನೂ ದಾಟಿ ಮೇಲೆ ಹೋಗಿ ಕೂತಿದ್ದಳು. ಎಷ್ಟೋ ಮಕ್ಕಳು ಚೀಟಿಯ ಮೂಲೆಯಲ್ಲಿ ಬೂಟಿನ ಚಿತ್ರ ಬರೆದು ಕಳಿಸಿದ್ದರು. ಫಿಯೋನಾ ಅವನ್ನೆಲ್ಲ ಫೋಟೋ ತೆಗೆದು ಕಳಿಸಿದಾಗ ಸಮೀಕ್ಷಾ ಒಂದೊಂದನ್ನೂ ಹಿಗ್ಗಿಸಿ ನೋಡಿದಳು.

ಮೀನು ಹಿಡಿದು ಬಂದ ಲೇಖಕರಿಂದ ಪತ್ರವೇನೂ ಬರಲಿಲ್ಲ. ಬಂದದ್ದು ಹೊಸ ಸಾಹಸದ ಸ್ಕ್ರಿಪ್ಟು. ಸಮೀಕ್ಷಾ ಅಳುಕುತ್ತಲೇ ತೆರೆದಳು. ಕತೆ ಬರೆಯುವವರ ಕತೆಯನ್ನೇ ಬದಲಾಯಿಸಿದ್ದಳಲ್ಲ! ಮೊದಲ ಪುಟದ ಕೊನೆಯ ಚಿತ್ರಕ್ಕೆ ಅವರು ಹೀಗೆ ಬರೆದಿದ್ದರು: ‘ಬೆಟ್ಟದ ಮೇಲಿನ ಗುಡಿ. ಹಿಂದಿನಿಂದ ಗುಂಡಿನ ಮಳೆ. ನೆಲ್ ಬಾಗಿಲಲ್ಲಿ ನಿಂತು ಬೂಟು ಬಿಚ್ಚುತ್ತಾಳೆ. ಅದನ್ನು ಎಲ್ಲಿ ಬಿಡಬೇಕೆಂದು ಸಮೀಕ್ಷಾಗೆ ಗೊತ್ತು.’

ಅವಳು ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಮನೆಮಂದಿಯನ್ನೆಲ್ಲ ಕೂಗಿ ಕರೆದು, ಮಾವನಿಗೆ ಕನ್ನಡದಲ್ಲಿ ಓದಿ ಹೇಳಿದಳು.

ತಿಮ್ಮಯ್ಯನವರು ಗಂಭೀರವಾಗಿ ಯೋಚಿಸಿದರು. “ಈ ಸಲ ಎರಡನ್ನೂ ಒಟ್ಟಿಗೆ ಬಿಡ್ಬೇಡ ಅನ್ನು ಆ ಹುಡುಗೀಗೆ. ಒಂದು ಬಾಗ್ಲ ಹತ್ರ, ಇನ್ನೊಂದು ದೂರ ಮರದ ಕೆಳಗೆ. ಒಂಟಿ ಬೂಟ್ನ ಯಾವ ಕಳ್ಳಾನೂ ಮುಟ್ಟಲ್ಲ. ನಾನೂ ಈಗ ಹಂಗೇ ಮಾಡ್ತಿರೋದು.”

ಸಮೀಕ್ಷಾ ಪೆನ್ನು ತೆಗೆದುಕೊಂಡಳು. ಒಂದು ಬೂಟನ್ನು ಹೊಸ್ತಿಲ ಪಕ್ಕ ಬರೆದಳು. ಆಮೇಲೆ, ಗುಂಡುಗಳು ಹಾರುತ್ತಿರುವಾಗಲೇ, ಇನ್ನೊಂದನ್ನು ಕೈಯಲ್ಲಿ ಹಿಡಿದು ಮರದ ಕಡೆಗೆ ಓಡುತ್ತಿರುವ ನೆಲ್‌ಳನ್ನು ಬರೆದಳು.