ಅಂಚಿಗೆ ನಾಲ್ಕು ಬೆರಳು

ದೋಣಿಯ ಅಂಚಿಗೂ ನೀರಿಗೂ ನಡುವೆ ನಾಲ್ಕು ಬೆರಳಷ್ಟೇ ಉಳಿದಿತ್ತು ಅಂದು, ಅರವತ್ತು ವರ್ಷದ ಹಿಂದೆ, ಗ್ರೀನ್‌ಲ್ಯಾಂಡಿನ ಕಡಲು, ಮೂವತ್ತು ಗಂಟೆ ಮಂಜಿನೊಳಗೆ ಒಬ್ಬನೇ ಹುಟ್ಟು ಹಾಕಿ, ಇಪ್ಪತ್ತು ತುಂಬದ ಒಲೆಗಾರಿಯೊ ದೋಣಿ ತುಂಬ ಬಕಲ್ಯಾವ್ ಮೀನನ್ನು, ಒಂದನ್ನೂ ಕಡಲಿಗೆ ಚೆಲ್ಲದೆ, ಹಡಗಿನ ಮಗ್ಗುಲಿಗೆ ತಂದು ನಿಲ್ಲಿಸಿದ್ದ — ಈಗ ಎದುರಿಗಿರುವ ಈ ದೋಣಿಯಲ್ಲಾದರೋ ಅಂಚಿನವರೆಗೆ ಐಸಿನ ಚೂರು, ಹೋಟೆಲಿನ ಬಾಗಿಲಲ್ಲೇ ಇಟ್ಟಿದ್ದಾರೆ, ಅಂಥದೇ ದೋಣಿ, ಚಪ್ಪಟೆ ತಳ, ಒಬ್ಬನಿಗಷ್ಟೇ ಜಾಗ, ಸಂಖ್ಯೆ ಇದ್ದ ಕಡೆ ಹೋಟೆಲಿನ ಹೆಸರು ಬಳಿದಿದ್ದಾರೆ, ಯಾರದೋ, ಯಾರದಾದರೇನು, ಐಸಿನ ಮೇಲೆ ಸಾಲಾಗಿ ಮೀನು, ಎಲ್ಲದರ ಬಾಯಿಯೂ ತೆರೆದಿದೆ, ಒಂದರ ಬಾಯಲ್ಲಿ ನಿಂಬೆಹೋಳು ಸಿಕ್ಕಿಸಿದ್ದಾರೆ, ಪ್ರವಾಸಿಗರು ಬಗ್ಗಿ ಬಗ್ಗಿ ಅದರ ಫೋಟೊ ತೆಗೆಯುತ್ತಿದ್ದಾರೆ. ಯಜಮಾನ್ರೇ, ಹೀಗ್ ಬನ್ನಿ, ನೆರಳಲ್ಲಿ ಕೂತ್ಕೊಳಿ, ಮೀನೆಲ್ಲಾ ಇವತ್ತಿಂದೇ, ಈ ಹೋಟ್ಲಲ್ಲಿ ಹಳೇದು ಅಂದ್ರೆ ನಾನೊಬ್ನೇ — ಬಡಿಸುವವನು ನಗುತ್ತಾನೆ, ಒಲೆಗಾರಿಯೊನ ಕೊರಳಲ್ಲಿ ಸಾವಿಗೆಂದು ಕಟ್ಟಿದ ಕಪ್ಪು ಟೈ ಕಾಣುತ್ತದೆ, ನಗು ನಡುವೆಯೇ ನಿಲ್ಲುತ್ತದೆ. ಮೊಮ್ಮಗಳು ಬೆನೆಡೀಟಾ ಕುರ್ಚಿ ಎಳೆದು ಕೂರಿಸುತ್ತಾಳೆ, ಇಗರ್ಜಿಯಿಂದ ನೇರ ಇಲ್ಲಿಗೇ ಕರೆತಂದಿದ್ದಾಳೆ, ತೀರಿಕೊಂಡ ಹೆಂಡತಿ ಗ್ರಾಸಿಂಡಾಳ ಏಳನೆಯ ದಿನದ ಪೂಜೆ ಮುಗಿಯಿತು, ಪಾದ್ರಿಗಳು ಅವಳ ಹೆಸರನ್ನು ಎರಡು ಸಲ ಹೇಳಿದರು, ಎರಡು ಸಲವೂ ಬೇರೆ ಯಾರದೋ ಹೆಸರಿನಂತೆ ಕೇಳಿಸಿತು, ಅಳು ಬರಲಿಲ್ಲ, ಏಳು ದಿನದಿಂದ ಏನೂ ಬಂದಿಲ್ಲ, ಹಸಿವೂ ಇಲ್ಲ, ನಿದ್ದೆಗೆ ಮಾತ್ರ ಕೊರತೆಯಿಲ್ಲ. ಮನೇಲಿ ಆ ಖಾಲಿ ಒಲೆ ನೋಡ್ಕೊಂಡು ಏನ್ ತಿಂತೀಯಾ, ಬಾ ಅಜ್ಜಾ ಅಂದಳು, ಬಂದ. ತಮ್ಮೂರು ಕೋಸ್ಟಾ ನೋವಾದ ಈ ಪಟ್ಟೆಪಟ್ಟೆ ಮರದ ಮನೆಗಳಲ್ಲಿ ಹಿಂದೆ ಬಲೆಯೂ ಉಪ್ಪೂ ಇರುತ್ತಿದ್ದವು, ಈಗ ಹಾಸಿಗೆಯೂ ವಿದೇಶದವರೂ ಇದ್ದಾರೆ, ಇರಲಿ, ಬಣ್ಣ ಚೆನ್ನಾಗಿಯೇ ಇದೆ.

ಈ ಮರಿ ಇನ್ಮೇಲೆ ಮೊದಲ್ನೇ ಸಾಲಿನವನು ಕಣ್ರೋ, ಕ್ಯಾಪ್ಟನ್ ಹಡಗಿನ ಕಟಕಟೆಯಿಂದ ಕೂಗಿ ಹೇಳಿದ್ದ, ಐವತ್ತು ಜನ ಕೇಳಿದ್ದರು, ಮೊದಲ ಸಾಲೆಂದರೆ ಎಲ್ಲರಿಗಿಂತ ಹೆಚ್ಚು ಮೀನು ತರುವವರ ಸಾಲು, ಎರಡನೆಯ ವರ್ಷಕ್ಕೇ ಅದು ಸಿಕ್ಕಿತು, ಅಪ್ಪನಿಗೆ ಹದಿನಾಲ್ಕು ವರ್ಷ ಬೇಕಾಗಿತ್ತು — ಮರದ ಕವೆಗೋಲಿನಿಂದ ಮೀನನ್ನು ಒಂದೊಂದಾಗಿ ಮೇಲಕ್ಕೆ ಎಸೆಯುವಾಗ ತೋಳು ತನ್ನದಲ್ಲವೆನಿಸಿತ್ತು, ಬೆರಳುಗಳಂತೂ ಅಂದು ಸತ್ತವು ಮತ್ತೆ ಪೂರ್ತಿ ಬದುಕಲಿಲ್ಲ — ಅಯ್ಯೋ, ಅಜ್ಜಾ, ಕೈ ತೆಗಿ, ಆ ಮಣ್ಣಿನ ತಟ್ಟೆ ಈಗ ತಾನೇ ಒಲೆಯಿಂದ ಬಂದಿದೆ! ಬೆನೆಡೀಟಾ ಅವನ ಕೈಯನ್ನು ಎತ್ತಿ ತನ್ನ ನೀರಿನ ಲೋಟಕ್ಕೆ ಒತ್ತಿ ಹಿಡಿಯುತ್ತಾಳೆ, ಸುಟ್ಟಿತಾ, ಇಲ್ಲ ಮಗಳೇ, ಬೆರಳ ತುದಿ ಕೆಂಪಾಗಿದೆ, ಬೇರೆ ಯಾರದೋ ಬೆರಳನ್ನು ನೋಡುವಂತೆ ಅದನ್ನು ನೋಡುತ್ತಾನೆ. ತಟ್ಟೆಯಲ್ಲಿ ಬಕಲ್ಯಾವಿನ ತಲೆ, ಬೇಯಿಸಿದ್ದು, ಎಣ್ಣೆ, ಬೆಳ್ಳುಳ್ಳಿ, ಪಕ್ಕದಲ್ಲಿ ಆಲೂಗಡ್ಡೆ, ನಿಂಗಿಷ್ಟ ಅಂತ ಇದನ್ನೇ ಹೇಳ್ದೆ, ಅಜ್ಜಿ ಮಾಡ್ತಾನೇ ಇರ್ಲಿಲ್ಲ ಅಲ್ವಾ ಎನ್ನುತ್ತಾಳೆ. ಹೌದು, ಮಾಡುತ್ತಿರಲಿಲ್ಲ, ಗ್ರಾಸಿಂಡಾ ಮೀನಿನ ನಾಲಗೆ ಹುರಿಯುತ್ತಿದ್ದಳು, ಕರುಳಿನ ಸಾರು ಮಾಡುತ್ತಿದ್ದಳು, ತಲೆಯನ್ನು ಮಾತ್ರ ಮನೆಯೊಳಗೆ ಬಿಡುತ್ತಿರಲಿಲ್ಲ, ಯಾಕೆಂದು ಅವನು ಕೇಳಲಿಲ್ಲ, ಅವಳಿಗೆ ಅದರ ಬಾಯಿ ಕಂಡರಾಗದೇನೋ, ಅಗಲವಾಗಿ ತೆರೆದ ಬಾಯಿ, ಒಳಗೆ ನುಣುಪು, ಶಂಖದ ಒಳಗಿನಂತೆ, — ಶಂಖ.

ಒಬ್ಬೊಬ್ಬನ ದೋಣಿಯಲ್ಲೂ ಒಂದು ಶಂಖ, ಮಂಜು ಕವಿದರೆ ಊದಬೇಕು, ಇನ್ನೊಬ್ಬನದು ಕೇಳಿದರೆ ಊದಿಯೇ ಉತ್ತರಿಸಬೇಕು, ಜಗಳವಾಡಿದವನಾದರೂ ಸರಿ, ಅದಕ್ಕೆ ವಿನಾಯಿತಿಯಿಲ್ಲ. ತಿನ್ನು ಅಜ್ಜಾ. ತಿನ್ನುತ್ತಾನೆ, ಕೆನ್ನೆಯ ಮಾಂಸ ಬೆಣ್ಣೆಯಂತೆ ಬಿಡುತ್ತದೆ, ನಾಲಗೆಗೆ ಉಪ್ಪೂ ತಿಳಿಯುವುದಿಲ್ಲ. ಅಂದು ಮಂಜಿನಲ್ಲಿ ಹತ್ತೊಂಬತ್ತನೆಯ ಗಂಟೆಯೋ ಇಪ್ಪತ್ತನೆಯದೋ, ಬಲಗಡೆಯಿಂದ ಒಂದು ಊದು, ಉದ್ದಕ್ಕೆ ಹೋಗಿ ಕೊನೆಯಲ್ಲಿ ಒಡೆಯುವ ಊದು, ಮುಂಬಲ್ಲು ಮುರಿದ ಅರ್ಲಿಂಡೊ ಮಾತ್ರ ಹಾಗೆ ಊದುತ್ತಿದ್ದುದು, ಗ್ರಾಸಿಂಡಾಳ ಅಣ್ಣ, ಒಂದೇ ಬೀದಿಯವನು, ಕಂಬಳಿ ಹಂಚಿಕೊಂಡವನು. ಉತ್ತರಿಸಿದರೆ ದನಿ ಹಿಡಿದು ಬರುತ್ತಾನೆ, ಈ ಅಲೆಯಲ್ಲಿ ದೋಣಿಗೆ ದೋಣಿ ತಾಗಿದರೆ ಮುಗಿಯಿತು, ಉಳಿದಿರುವುದು ನಾಲ್ಕು ಬೆರಳು, ಮೀನು ಚೆಲ್ಲಬೇಕು, ಅರ್ಧ ಚೆಲ್ಲಿದರೆ ಸಾಕು, ಅರ್ಧ ಚೆಲ್ಲಿದರೆ ಮೊದಲ ಸಾಲು ಇಲ್ಲ — ಹಡಗಿನ ಸದ್ದೇ ಇರಬೇಕೆಂದುಕೊಂಡ, ಅಲ್ಲವೆಂದು ಗೊತ್ತಿತ್ತು, ಶಂಖವನ್ನು ಮೀನುಗಳ ಸಂದಿಗೆ ಸಿಕ್ಕಿಸಿಟ್ಟ, ಬಾಯಿ ಮೇಲಾಗಿ ಕೂತಿತು ಅದು, ತೆರೆದ ಬಾಯಿಗಳ ನಡುವೆ ಇನ್ನೊಂದು ಬಾಯಿ, ನೋಡದೆ ಹುಟ್ಟು ಹಾಕಿದ, ಹಿಂದೆ ಮತ್ತೆ ಮೂರು ಸಲ ಊದಿತು, ನಾಲ್ಕನೆಯದು ಬರಲಿಲ್ಲ. ಅರ್ಲಿಂಡೊ ಹಡಗಿಗೆ ಮರಳಲಿಲ್ಲ, ಊರಿಗೆ ಬಂದಮೇಲೆ, ಮಂಜಲ್ಲಿ ಏನೂ ಕೇಳಿಸ್ಲಿಲ್ಲ ಅಂತ ಅವನ ಮನೆಯ ಅಡುಗೆಮನೆಯಲ್ಲಿ ನಿಂತು ಹೇಳಿದ, ಅವನಮ್ಮ ಒಂದು ಬಟ್ಟಲು ಸಾರು ಕೊಟ್ಟಳು, ಕುಡಿದ, ಮರುವರ್ಷ ಗ್ರಾಸಿಂಡಾಳನ್ನು ಮದುವೆಯಾದ, ಒಳ್ಳೆಯ ಬಾಳು, ಯಾರೂ ಅಲ್ಲವೆನ್ನಲಾರರು.

ಸಾಯುವ ಎರಡು ದಿನ ಮೊದಲು ಅವಳು ಕಣ್ಣು ಬಿಟ್ಟು, ಅರವತ್ತು ವರ್ಷದಲ್ಲಿ ಒಮ್ಮೆಯೂ ಕೇಳದವಳು, ಅವತ್ತು ನಿನ್ ಹತ್ರ ಶಂಖ ಇತ್ತಲ್ವಾ ಎಂದಳು. ಮಲ್ಕೋ ಎಂದ. ಮಲಗಿದಳು. ಅಷ್ಟೇ ಉತ್ತರ, ಹೊದಿಕೆ ಸರಿಪಡಿಸಿ ಹೊರಗೆ ಬಂದು ಶೂಗೆ ಪಾಲಿಶ್ ಹಾಕಿದ, ಅದೇ ಶೂ ಈಗ ಕಾಲಲ್ಲಿದೆ, ಹೊಳೆಯುತ್ತಿದೆ. ಯಜಮಾನ್ರೇ, ತಲೆ ಹಾಗೇ ಉಳ್ಕೊಂಡಿದೆ, ನಮ್ ಅಡುಗೆಯವ್ಳಿಗೆ ಗೊತ್ತಾದ್ರೆ ನನ್ ತಲೇನೇ ಬೇಯಿಸ್ತಾಳೆ, ಬಡಿಸುವವನು ಮೆತ್ತಗೆ ಹೇಳಿ ಹೋಗುತ್ತಾನೆ, ಬಾಗಿಲ ಬಳಿ ದೋಣಿಯ ಐಸು ಕರಗಿ ತೊಟ್ಟಿಕ್ಕುತ್ತಿದೆ. ಅಜ್ಜಾ, ಬೆನೆಡೀಟಾ ಮೊಣಕೈ ಊರಿ ಬಾಗುತ್ತಾಳೆ, ಆ ಮಂಜಿನ ಕತೆ, ನೀನು ಹೇಳೋಕ್ ಶುರು ಮಾಡಿದ ಕೂಡ್ಲೇ ಅಜ್ಜಿ ಕಾಫಿ ತರ್ತೀನಿ ಅಂತ ಎದ್ದು ಹೋಗ್ತಿದ್ಲಲ್ಲಾ, ಚಿಕ್ಕೋಳಿದ್ದಾಗ ನಾನೂ ಹಿಂದೆ ಹೋಗ್ತಿದ್ದೆ, ಕಾಫಿ ಏನೂ ಮಾಡ್ತಿರ್ಲಿಲ್ಲ ಗೊತ್ತಾ, ಬಾಗಿಲ ಹಿಂದೆ ನಿಂತು ಕೇಳಿಸ್ಕೋತಿದ್ಲು, ಪ್ರತಿ ಸಲಾನೂ, ನೀನು ಮುಗಿಸಿದ್ಮೇಲೆ, ಇಷ್ಟೇನಾ, ಅಂತಿದ್ಲು, ತನ್ನಷ್ಟಕ್ಕೆ ತಾನೇ, ಆಮೇಲೆ ಒಲೆ ಹಚ್ಚೋಳು. ಇಷ್ಟೇನಾ. ಸಾವಿರ ಸಲ ಹೇಳಿರಬಹುದು ಆ ಕತೆ, ಸಾವಿರ ಸಲವೂ ಬಾಗಿಲ ಹಿಂದೆ ಶಂಖದ ಮಾತಿಗೆ ಕಾದು, — ಫೋರ್ಕು ತಟ್ಟೆಯ ಅಂಚಿಗೆ ತಾಗಿ ನಿಲ್ಲುತ್ತದೆ, ತಟ್ಟೆಯಲ್ಲಿ ಆ ಬಾಯಿ, ನುಣುಪು, ತೆರೆದ ಬಾಯಿ, ಮೇಲಾಗಿ ಕೂತ ಬಾಯಿ, ಇನ್ನೊಂದ್ಸಲ ಹೇಳು ಅಜ್ಜಾ, ಈ ಸಲ ನಾನು ಎದ್ದು ಹೋಗಲ್ಲ, ತೆರೆದ ಬಾಯಿ —