ಬಂದರಿನ ಮನೆಯ ಅಮ್ಮನ ದನಿ

ನುಸಿಗುಳಿಗೆಯ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಅಪ್ಪನ ಬಟ್ಟೆಯ ಬೀರು ನೆನಪಾಗುತ್ತದೆ. ಚಿಕ್ಕಂದಿನಲ್ಲಿ ನಾನೂ ನನ್ನ ತಂಗಿಯೂ ಅದರೊಳಗೆ, ಉಣ್ಣೆಯ ಕೋಟುಗಳ ನಡುವೆ ತೂರಿಕೊಂಡು ಬಾಗಿಲು ಎಳೆದುಕೊಳ್ಳುತ್ತಿದ್ದೆವು. ಅವಳನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಕತ್ತಲಲ್ಲಿ ಗುಬ್ಬಿ ಒಬ್ಬಳೇ ಒಂದು ಸಂಸಾರವಾಗುತ್ತಿದ್ದಳು: ಪಕ್ಕದ ಮನೆಯ ಗೊಗ್ಗರು ದನಿಯ ಮುದುಕ, ನಮ್ಮ ಹೆಡ್‌ಮೇಡಂ, ಸೋದರತ್ತೆ, ಸೋದರತ್ತೆಯ ಬೆಕ್ಕು. ನಾನು ಕೋಟಿನ ತೋಳನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಎಷ್ಟು ಕೂಗಿದರೂ ದನಿ ಹೊರಗೆ ಹೋಗುತ್ತಿರಲಿಲ್ಲ. ಬಟ್ಟೆಗಳು ಹೀರಿಕೊಂಡುಬಿಡುತ್ತಿದ್ದವು.

ಮುಂದೆ ಅದೇ ಅವಳ ಹೊಟ್ಟೆಪಾಡಾಯಿತು. ಬೇರೆ ಭಾಷೆಯ ಧಾರಾವಾಹಿಗಳಿಗೆ ನಮ್ಮ ಭಾಷೆಯಲ್ಲಿ ದನಿ ಕೊಡುವ ಕೆಲಸ. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಸಣ್ಣ ಕೋಣೆಯಲ್ಲಿ ನಿಂತು, ಪರದೆಯ ಮೇಲಿನ ತುಟಿ ತೆರೆದಾಗ ತೆರೆದು, ಮುಚ್ಚಿದಾಗ ಮುಚ್ಚಿ ಮಾತಾಡಬೇಕು. ಅಲ್ಲಿಗೆ ಹೋದರೆ ಅಪ್ಪನ ಬೀರುವಿನೊಳಗೆ ಹೋದಂತೆಯೇ ಆಗುತ್ತದೆ, ನುಸಿಗುಳಿಗೆ ಒಂದಿಲ್ಲ ಅಷ್ಟೇ, ಎನ್ನುತ್ತಿದ್ದಳು. ‘ಬಂದರಿನ ಮನೆ’ ಧಾರಾವಾಹಿಯ ಅಮ್ಮನಿಗೆ ದನಿಯಾದವಳು ಅವಳೇ. ಕೊನೆಯಲ್ಲಿ ಸರಸರನೆ ಓಡುವ ಹೆಸರುಗಳಲ್ಲಿ ಅವಳದು ಇರುತ್ತಿರಲಿಲ್ಲ. ನಾನು ಮಾತ್ರ ಮೊದಲ ಮಾತಿಗೇ ಗುರುತು ಹಿಡಿದಿದ್ದೆ. ಹಿಡಿಯದೆ ಇರುವುದು ಹೇಗೆ? ಫೋನಿನಲ್ಲಿ ನಮ್ಮಮ್ಮನಿಗೇ ನಾನು ಯಾರು, ಅವಳು ಯಾರು ಎಂದು ತಿಳಿಯುತ್ತಿರಲಿಲ್ಲ.

ಗುಬ್ಬಿಯ ಶ್ವಾಸಕೋಶ ಕೆಟ್ಟಿತು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನನ್ನ ಕೈ ಎಳೆದು ಕೂರಿಸಿಕೊಂಡು ಗುಟ್ಟು ಹೇಳಿದಳು. ಮುಂದಿನ ಸೀಸನ್ನಿನ ಮೊದಲ ಕಂತುಗಳಿಗೆ ಆಗಲೇ ದನಿ ಕೊಟ್ಟು ಮುಗಿಸಿದ್ದಾಳಂತೆ.

“ಹೋದ ಸೀಸನ್ ಕೊನೇಲಿ ಅಮ್ಮನಿಗೆ ಬಂತಲ್ಲ, ಆ ಫೋನಲ್ಲಿ ಯಾರು ಇರೋದು ಅಂತ ಮಾತ್ರ ಕೇಳ್ಬೇಡ ಅಕ್ಕ. ಬಾಯಿ ಬಿಡಲ್ಲ ಅಂತ ಸಹಿ ಹಾಕಿಸ್ಕೊಂಡಿದಾರೆ. ನೀನೇ ಟೀವೀಲಿ ಕೇಳು.”

ಆ ವಾರ ದಾಟಲಿಲ್ಲ ಅವಳು.

ಆಮೇಲೆ ಮನೆಯಲ್ಲಿ ಕೂತು ಗೋಡೆ ನೋಡಲಾರದೆ ನಾನು ನಮ್ಮ ಬೀದಿಯ ತಿರುವಿನ ಟೈಲರಮ್ಮನ ಅಂಗಡಿ ಸೇರಿದೆ. ಕಾಲೇಜು ಓದಿ, ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ಗುಂಡಿ ಹೊಲಿಯಲು ಬಂದಳಲ್ಲ ಎಂದು ಅಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಆಸ್ಪತ್ರೆಗಳಿಗೆ ಬಿಳಿ ಕೋಟು ಹೊಲಿದುಕೊಡುವ ಅಂಗಡಿ ಅದು. ಎರಡು ಮಿಷನ್ನು, ಕಟಿಂಗ್ ಮಾಸ್ತರರ ಉದ್ದನೆಯ ಮೇಜು, ಮೂಲೆಯಲ್ಲಿ ಇಸ್ತ್ರಿ, ಗೋಡೆಯ ಮೇಲೆ ಟೀವಿ. ಕಣ್ಣು ಮಂಜಾಗಿ ನನಗೆ ಸೂಜಿಗೆ ದಾರ ಪೋಣಿಸಲಾಗುವುದಿಲ್ಲ. ಅದನ್ನು ಯಾವಾಗ ಕಂಡುಕೊಂಡಳೋ, ಇಸ್ತ್ರಿಯವಳು ಬೆಳಿಗ್ಗೆ ಬಂದೊಡನೆ ಒಂದಷ್ಟು ಸೂಜಿಗಳಿಗೆ ದಾರ ಪೋಣಿಸಿ ನನ್ನ ಮುಂದಿನ ಮೆತ್ತೆಗೆ ಚುಚ್ಚಿಟ್ಟುಬಿಡುತ್ತಿದ್ದಳು. ಅದರ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಿದ್ದಿಲ್ಲ.

ಅಂಗಡಿಯಲ್ಲಿ ಎಲ್ಲರಿಗೂ ‘ಬಂದರಿನ ಮನೆ’ಯ ಹುಚ್ಚು. ಹಡಗಿನವರು ಬಂದು ತಂಗುವ ವಸತಿಗೃಹ, ಅದನ್ನು ನಡೆಸುವ ವಿಧವೆ ಅಮ್ಮ, ಸಮುದ್ರಕ್ಕೆ ಹೋದ ಹಿರಿಯ ಮಗ. ಹಿಂದಿನ ಸೀಸನ್ನಿನ ಕೊನೆಗೆ ಖಾಲಿ ಹಜಾರದಲ್ಲಿ ಫೋನು ರಿಂಗಣಿಸುತ್ತದೆ. ಅಮ್ಮ ಓಡಿಬಂದು ಎತ್ತಿಕೊಂಡು, “ಹೇಳು, ಕೇಳ್ತಾ ಇದೀನಿ” ಎನ್ನುತ್ತಾಳೆ. ಪರದೆ ಕಪ್ಪಾಗುತ್ತದೆ. ಅಲ್ಲಿಗೆ ಬಿಟ್ಟುಹೋದ ಧಾರಾವಾಹಿಯವರು ವರ್ಷ ಕಳೆದರೂ ಪತ್ತೆಯಿಲ್ಲ.

ಫೋನಿನ ಆ ಕಡೆ ಯಾರು ಎಂಬುದೇ ನಮ್ಮ ದಿನದ ಮಾತು. ಇಸ್ತ್ರಿಯವಳಿಗೆ ನಾವು ಜ್ಯೋತಿಷಿ ಎಂದು ಹೆಸರಿಟ್ಟಿದ್ದೆವು, ಏಕೆಂದರೆ ಅವಳು ನುಡಿದ ಭವಿಷ್ಯ ಒಂದೂ ನಿಜವಾಗಿರಲಿಲ್ಲ. ಆ ಕಡೆ ಇರುವುದು ಗಂಡ, ಅವನು ಸತ್ತೇ ಇಲ್ಲ ಎಂಬುದು ಅವಳ ವಾದ. ಎದುರು ಆಸ್ಪತ್ರೆಯ ನರ್ಸಮ್ಮ ಡ್ಯೂಟಿ ಮುಗಿಸಿ ಮನೆಗೆ ಹೋಗುವ ಮುನ್ನ ನಮ್ಮಲ್ಲಿ ಕೂರುತ್ತಿದ್ದಳು. ಅವಳಿಗೆ ಈ ವಾದ ಕೇಳಿದರೆ ಮೈ ಉರಿಯುತ್ತಿತ್ತು.

“ಹೆಣಾನ ಅವಳೇ ಕಣ್ಣಾರೆ ನೋಡಿಲ್ವೇನೇ?”

“ಮುಖ ತೋರಿಸಿದ್ರಾ? ಬರೀ ಬೂಟು ತೋರಿಸಿದ್ರು. ಬೂಟು ಯಾರು ಬೇಕಾದ್ರೂ ಹಾಕ್ಕೋಬಹುದು.”

“ಹೋದ ಸಲ ಮದುವೆ ಆಗೇ ಆಗುತ್ತೆ ಅಂದೆ. ಮದುಮಗನ ಹಡಗೇ ಮುಳುಗ್ತು. ನೀನು ಒಂದು ಕೆಲಸ ಮಾಡು, ಆ ಮನೆಗೆ ಒಳ್ಳೇದಾಗುತ್ತೆ ಅಂತ ಮಾತ್ರ ಹೇಳ್ಬೇಡ.”

ಟೈಲರಮ್ಮ ಮಿಷನ್ ನಿಲ್ಲಿಸಿ ನಗುತ್ತಿದ್ದಳು. ಮಾಸ್ತರರು ಮಾತಾಡುವವರಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದರು. ಉಳಿದವರು, ದೊಡ್ಡಮ್ಮ, ನಿಮಗೇನನ್ನಿಸುತ್ತೆ ಎಂದು ನನ್ನನ್ನು ಕೇಳುತ್ತಿದ್ದರು. ಯಾರಾದರೇನು, ಅಮ್ಮ ಮಾತಾಡಿದರೆ ಸಾಕು ಎನ್ನುತ್ತಿದ್ದೆ. ನಾನು ಪಕ್ಷವಹಿಸದೆ ಜಾರಿಕೊಳ್ಳುತ್ತಿದ್ದೇನೆಂದು ಅವರು ತಿಳಿದಿದ್ದರು.

ನನಗೆ ಬೇಕಾದದ್ದು ನಿಜಕ್ಕೂ ಅಷ್ಟೇ. ಹಳೆಯ ಕಂತುಗಳು ಮೊಬೈಲಿನಲ್ಲಿ ಸಿಗುತ್ತವೆ. ಆದರೆ ಅದರಲ್ಲಿ ಗುಬ್ಬಿ ಹೇಳಿದ್ದನ್ನೇ ಹೇಳುತ್ತಾಳೆ. ಮುಂದಿನ ಮಾತು ಯಾವುದೆಂದು ನನಗೆ ಬಾಯಿಪಾಠ. ಸತ್ತವರು ಹಾಗೆಯೇ ಅಲ್ಲವೇ, ಹೊಸದೇನೂ ಹೇಳುವುದಿಲ್ಲ. ನನ್ನ ತಂಗಿ ಮಾತ್ರ ಇನ್ನೂ ಹೇಳುವುದಿತ್ತು. ನಾನು ಕೇಳಿರದ ಕೆಲವು ಮಾತು ಎಲ್ಲೋ ಭದ್ರವಾಗಿದ್ದವು. ಅವಳು ಕೆಲಸ ಮಾಡುತ್ತಿದ್ದ ಕಡೆಗೆ ಫೋನು ಮಾಡಿ ವಿಚಾರಿಸಬಹುದಿತ್ತು. ಮಾಡಲಿಲ್ಲ. ವಿಚಾರಿಸದೆ ಇರುವಷ್ಟು ದಿನ ಅವು ಇದ್ದೇ ಇರುತ್ತವೆ ಎನಿಸುತ್ತಿತ್ತು.

ಕೊನೆಗೆ ಹೊಸ ಸೀಸನ್ನಿನ ಜಾಹೀರಾತು ಬಂತು. ಬರೀ ಸಮುದ್ರ, ಸಂಗೀತ, ತಾರೀಖು. ಮಾತಿಲ್ಲ. ಆ ತಾರೀಖಿನ ಸಂಜೆ ಅಂಗಡಿಯಲ್ಲಿ ಯಾರೂ ಮನೆಗೆ ಹೋಗಲಿಲ್ಲ. ನರ್ಸಮ್ಮ ಯಾರದೋ ಕೈಕಾಲು ಹಿಡಿದು ಡ್ಯೂಟಿ ಬದಲಾಯಿಸಿಕೊಂಡು ಬಂದಿದ್ದಳು. ಟೈಲರಮ್ಮ ಮಿಷನ್ನಿಗೆ ಹೊದಿಕೆ ಹಾಕಿದಳು. ಮೆತ್ತನೆಯ ಕುರ್ಚಿ ಇದ್ದದ್ದು ಒಂದೇ. ಅದನ್ನು ಟೀವಿಯ ಮುಂದಕ್ಕೆ ಎಳೆದು ನನ್ನನ್ನು ಕೂರಿಸಿದರು.

‘ಇಲ್ಲಿಯವರೆಗೆ’ ಎಂದು ಹಳೆಯ ದೃಶ್ಯಗಳು ಶುರುವಾದವು. ಹೊಸದು ಏನಾದರೂ ಆಗಲಿ, ಇದಂತೂ ಅವಳದೇ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಖಾಲಿ ಹಜಾರ. ಫೋನಿನ ಗಂಟೆ. ಓಡಿಬರುವ ಹೆಜ್ಜೆ ಸಪ್ಪಳ.

“ಹೇಳು, ಕೇಳ್ತಾ ಇದೀನಿ.”

ಮಾತು ಅದೇ. ದನಿ ಬೇರೆ ಯಾರದೋ.

ಹಳೆಯದನ್ನೂ ಬಿಟ್ಟಿರಲಿಲ್ಲ. ಎಲ್ಲೂ ಎರಡು ದನಿ ಕೇಳಬಾರದೆಂದು ಆ ಒಂದು ಸಾಲನ್ನೂ ಹೊಸಬಳಿಂದ ಹೇಳಿಸಿದ್ದರು.

ಜ್ಯೋತಿಷಿ ಮೂಗು ಮುರಿದಳು. ಅಮ್ಮನಿಗೆ ನೆಗಡಿಯೋ ಏನೋ ಎಂದಳು. ಚೆನ್ನಾಗಿಲ್ಲ, ಹಳೆಯ ದನಿಯೇ ಸರಿಯಿತ್ತು ಎಂದು ಟೈಲರಮ್ಮ. ನಾಲ್ಕು ದಿನಕ್ಕೆ ರೂಢಿಯಾಗುತ್ತೆ ಎಂದಳು ನರ್ಸಮ್ಮ. ನಾಲ್ಕು ದಿನ ಬೇಕಾಗಲಿಲ್ಲ. ಮೊದಲ ಜಾಹೀರಾತು ಬರುವ ಹೊತ್ತಿಗೆ ದನಿಯ ಮಾತೇ ನಿಂತುಹೋಗಿತ್ತು. ಫೋನಿನ ಆ ಕಡೆ ಇದ್ದದ್ದು ಮಗ. ಅಮ್ಮ ಅವನೊಡನೆ ತುಂಬ ಹೊತ್ತು ಮಾತಾಡಿದಳು. ಜ್ಯೋತಿಷಿ ತನ್ನ ಸೋಲನ್ನು ಮರೆತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೊಸಬಳು ಚೆನ್ನಾಗಿಯೇ ಮಾಡಿದ್ದಳು. ಅವಳೂ ಯಾರಿಗೋ ತಂಗಿಯಾಗಿರಬೇಕು. ಆ ಮಾತುಗಳನ್ನೆಲ್ಲ ಗುಬ್ಬಿ ಹೇಗೆ ಆಡಿದ್ದಳೋ ಎಂದು ಒಂದೊಂದನ್ನೂ ಅವಳ ದನಿಗೆ ಹಾಕಿ ನೋಡಲು ಹವಣಿಸಿದೆ. ಒಂದೂ ಕೂರಲಿಲ್ಲ.

ಮರುದಿನ ಬೆಳಿಗ್ಗೆ, ತಂಗಿ ದನಿ ಕೊಡುತ್ತಿದ್ದ ಕಡೆಗೆ ಫೋನು ಮಾಡಿದೆ. ರೆಕಾರ್ಡಿಂಗ್ ಮಾಡುವವರು ಗುಬ್ಬಿಯನ್ನು ಬಲ್ಲವರು, ಒಳ್ಳೆಯ ಮನುಷ್ಯ. ನನ್ನ ಹಲೋ ಕೇಳಿ ಗಾಬರಿಯಾಗಿ ಯಾರು, ಯಾರು ಎಂದರು. ಆಮೇಲೆ ಹೇಳಿದರು.

“ಕೊನೆಕೊನೆಗೆ ಅವ್ರಿಗೆ ಉಸಿರೇ ಸಿಗ್ತಿರ್ಲಿಲ್ಲ ಅಮ್ಮ. ಮಾತಿನ ಮಧ್ಯೆ ಸಿಳ್ಳೆ ಹಾಕಿದಂಗೆ ಬರ್ತಿತ್ತು. ನಾವು ಚೆನ್ನಾಗಿದೆ ಅಂತಾನೇ ಹೇಳಿ ಕಳಿಸ್ತಿದ್ವಿ. ಆಮೇಲೆ ಎಲ್ಲಾ ಮೊದಲಿಂದ ಮಾಡಿಸ್ಬೇಕಾಯ್ತು.”

“ಅವಳು ಮಾಡಿದ್ದು ಇದೆಯಾ?”

“ಇಟ್ಕೊಳ್ಳೋ ಹಾಗಿಲ್ಲ ಅಮ್ಮ. ಅಳಿಸಿಬಿಟ್ವಿ.”

ಚೆನ್ನಾಗಿದೆ ಎಂದು ಹೇಳಿ ಕಳಿಸುತ್ತಿದ್ದುದಕ್ಕೆ ನಾನು ಅವರಿಗೆ ಥ್ಯಾಂಕ್ಸ್ ಹೇಳಿದೆ.

ಅಂಗಡಿಗೆ ಹೋದೆ. ಬೇರೆಲ್ಲಿಗೆ ಹೋಗಲಿ? ದಾರ ಪೋಣಿಸಿದ ಸೂಜಿಗಳು ಕಾಯುತ್ತಿದ್ದವು. ಅವರೆಲ್ಲ ಇವತ್ತಿನ ಕಂತಿನಲ್ಲಿ ಮಗ ಮನೆ ಸೇರುತ್ತಾನೋ ಇಲ್ಲವೋ ಎಂದು ಜಗಳ ಹಚ್ಚಿಕೊಂಡಿದ್ದರು. ನಾನು ತಲೆ ತಗ್ಗಿಸಿ ಹೊಲಿದೆ. ಊಟದ ಹೊತ್ತಿಗೆ ಉಳಿದವರು ಕೈ ತೊಳೆಯಲು ಹಿತ್ತಲಿಗೆ ಹೋದರು. ಮಾಸ್ತರರು ಬಂದು ನನ್ನ ಮಡಿಲಲ್ಲಿದ್ದ ಕೋಟನ್ನು ಎತ್ತಿ ನೋಡಿದರು. ಕೋಟಿನ ಎರಡೂ ಮಗ್ಗುಲು ಸೇರಿಸಿ ಗುಂಡಿ ಹೊಲಿದುಬಿಟ್ಟಿದ್ದೆ. ಕತ್ತಿನಿಂದ ತುದಿಯವರೆಗೆ ಮುಚ್ಚಿಹೋಗಿತ್ತು. ಅದರೊಳಗೆ ಯಾರೂ ಹೋಗುವಂತಿರಲಿಲ್ಲ, ಬರುವಂತಿರಲಿಲ್ಲ.

ಅವರು ನನ್ನ ಪಕ್ಕದಲ್ಲೇ ಕೂತು ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಬಿಡಿಸತೊಡಗಿದರು. ಬಟ್ಟೆಗೆ ಒಂದು ಗೀರೂ ಬೀಳಲಿಲ್ಲ. ಕೆಲಸ ಮುಗಿಯುವವರೆಗೆ ನನ್ನ ಮುಖ ನೋಡಲಿಲ್ಲ.

“ನೀವು ಮೊದಲನೇ ದಿನ ಬಾಗಿಲಲ್ಲಿ ನಿಂತು ಕೆಲಸ ಇದೆಯಾ ಅಂತ ಕೇಳಿದ್ರಲ್ಲ,” ಎಂದರು, “ನಾನು ತಲೆ ಎತ್ತಿ ಟೀವಿ ನೋಡಿದೆ. ಟೀವಿ ಹಾಕಿರ್ಲಿಲ್ಲ.”

ನಾನು ಬಿಚ್ಚಿದ ಗುಂಡಿಗಳನ್ನು ಅಂಗೈಯಲ್ಲಿ ಒಟ್ಟು ಮಾಡಿದೆ.

“ಅಕ್ಕಾನಾ, ತಂಗೀನಾ?”

“ತಂಗಿ.”

ಅವರು ತಲೆಯಾಡಿಸಿದರು. ದಾರದ ಚೂರುಗಳನ್ನು ಆಯ್ದು ಜೇಬಿಗೆ ಹಾಕಿಕೊಂಡರು. ಎದ್ದು ಹೋಗಿ, ತಮ್ಮ ಊಟದ ಡಬ್ಬಿಯ ಮುಚ್ಚಳ ತೆಗೆದು, ಚಮಚವನ್ನು ಅಂಗಿಯ ಅಂಚಿನಲ್ಲಿ ಒರೆಸಿ ಅದರೊಳಗಿಟ್ಟು, ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಮೇಜಿನತ್ತ ನಡೆದರು.