ಯಾರೂ ಇಳಿಯಬೇಡಿ

ಚಿತ್ರಾಳ ಮನೆ ಪೆರ್ಲ ಪೇಟೆಯ ಆಚೆ, ಕಡಿದಾದ ಏರೊಂದರ ತುದಿಯಲ್ಲಿ. ಏರಿನ ಬುಡಕ್ಕೆ ಬಂದೊಡನೆ ಕಾರು ನಿಲ್ಲುವುದು, ಓಡಿಸುವವರನ್ನು ಬಿಟ್ಟು ಉಳಿದವರೆಲ್ಲ ಇಳಿದು ನಡೆಯುವುದು ಆ ಮನೆಯ ಪದ್ಧತಿ. ಹಳೆಯ ಕಾರು ಖಾಲಿಯಾಗಿಯೇ ಏದುಸಿರು ಬಿಡುತ್ತ ಹತ್ತುತ್ತಿತ್ತು. ಮಾವ ವೆಂಕಟಕೃಷ್ಣರ ಮೊಣಕಾಲು ಬಾತುಕೊಂಡ ಮೇಲೆ ಈ ಪದ್ಧತಿಯೇ ಅವರಿಗೆ ಮುಳುವಾಯಿತು. ಕೂತೇ ಇರಿ ಎಂದರೆ ಕೇಳುವವರಲ್ಲ. "ಪಾಪ, ಅದಕ್ಕೆ ಎಳೆಯುವುದಿಲ್ಲ" ಎಂದು ಇಳಿದೇ ಇಳಿಯುವರು, ಅರ್ಧದಲ್ಲಿ ಕಲ್ಲಿನ ಮೇಲೆ ಕೂರುವರು. ಕೊನೆಗೆ ಪೇಟೆಗೆ ಹೋಗುವುದನ್ನೇ ಬಿಟ್ಟರು. ಗೆಳೆಯ ಚೆನ್ನಪ್ಪನ ಜೊತೆ ಹೋಟೆಲಿನಲ್ಲಿ ಆಡಬೇಕಾದ ಜಗಳವನ್ನೆಲ್ಲ ಮನೆಯ ಟಿವಿಯೊಂದಿಗೆ ಆಡತೊಡಗಿದರು.

ಮಾವನನ್ನು ಕೂರಿಸಿಕೊಂಡೇ ಏರು ಹತ್ತುವ ಕಾರು ಬೇಕು. ಚಿತ್ರಾಳಿಗೆ ಬೇಕಿದ್ದದ್ದು ಅಷ್ಟೇ. ಅವಳು ಮೆಚ್ಚಿದ ಸಣ್ಣ ಕಾರಿನಲ್ಲಿ ಎರಡು ಬಗೆಯ ಎಂಜಿನ್ ಇತ್ತು. ಒಂದು ಸಾದಾ, ತನ್ನ ಪಾಡಿಗೆ ಗಾಳಿ ಎಳೆದುಕೊಳ್ಳುವಂಥದ್ದು. ಇನ್ನೊಂದು ಟರ್ಬೊ, ಹೊರಹೋಗುವ ಹೊಗೆಯ ರಭಸದಿಂದಲೇ ಪುಟ್ಟ ಚಕ್ರವೊಂದನ್ನು ತಿರುಗಿಸಿ, ಗಾಳಿಯನ್ನು ಒತ್ತಿ ತುಂಬಿಸಿಕೊಳ್ಳುವಂಥದ್ದು. ಹೈಯರ್ ಸೆಕೆಂಡರಿಯಲ್ಲಿ ಭೌತಶಾಸ್ತ್ರ ಕಲಿಸುವ ಚಿತ್ರಾಳ ಒಲವು ಸಾದಾ ಎಂಜಿನ್ನಿನ ಕಡೆಗೆ. ಕಾಲಿನಿಂದ ಎಷ್ಟು ಒತ್ತಿದರೆ ಅಷ್ಟು ಬಲ, ಆಗಿಂದಾಗಲೇ. ಟರ್ಬೊ ಹಾಗಲ್ಲ, ಎಂಜಿನ್ ನಿಧಾನವಾಗಿದ್ದಾಗ ಅದು ತೂಕಡಿಸುತ್ತದೆ.

"ಟರ್ಬೊ ಹೆದ್ದಾರಿಯಲ್ಲಿ ಹಾರ್ತದೆ ಮಾರಾಯ್ತಿ!" ಎಂದ ಗಂಡ ಶಿವಪ್ರಸಾದ.

"ನಮ್ಮ ಮನೆ ಹೆದ್ದಾರಿಯಲ್ಲಿ ಉಂಟಾ?"

ಭಾನುವಾರ ಉಪ್ಪಳದ ಷೋರೂಮಿನ ಲ್ಯಾರಿ ಎರಡೂ ಕಾರುಗಳನ್ನು ಮನೆಗೇ ತರಿಸಿದ. ಮೊದಲು ಸಾದಾ ಎಂಜಿನ್ನಿನದು. ಮಾವ ಮುಂದೆ, ಅತ್ತೆ ಸುಬ್ಬಲಕ್ಷ್ಮಿ, ಶಿವಪ್ರಸಾದ, ಲ್ಯಾರಿ ಹಿಂದೆ. ಬುಡದವರೆಗೆ ಕಾರು ಇಳಿಸಿ, ತಿರುಗಿಸಿ, ರಸ್ತೆಯಲ್ಲೇ ಕಣ್ಣು ನೆಟ್ಟು ಚಿತ್ರಾ ಏರು ಹತ್ತಿಸಿದಳು. ಕಾರು ಹೂವಿನ ಹಾಗೆ ಬಂತು. ಅಂಗಳದಲ್ಲಿ ನಿಲ್ಲಿಸಿ "ನೋಡಿದಿರಾ ಮಾವ?" ಎಂದು ತಿರುಗಿದರೆ ಕಾರಿನಲ್ಲಿ ಯಾರೂ ಇಲ್ಲ! ರೂಢಿಯಂತೆ ಅವಳು ಬುಡದಲ್ಲಿ ನಿಲ್ಲಿಸಿದ್ದಳು, ರೂಢಿಯಂತೆ ಅವರು ಇಳಿದಿದ್ದರು. ಬಾಗಿಲು ಹಾಕುವ ಸದ್ದು ಎಷ್ಟು ಒಗ್ಗಿಹೋಗಿತ್ತೆಂದರೆ ಅವಳಿಗೆ ಕೇಳಿಸಿಯೇ ಇರಲಿಲ್ಲ.

ವಾಪಸು ಕೆಳಗೆ ಹೋಗಿ ಲ್ಯಾರಿಯನ್ನು ಕೇಳಿದಳು, "ನೀವೂ ಇಳಿದಿರಾ?"

"ಎಲ್ಲರೂ ಇಳಿದರಲ್ಲ ಟೀಚರ್. ಇಲ್ಲಿ ಎಂತದೋ ಕ್ರಮ ಉಂಟು ಅಂತ ನಾನೂ ಇಳಿದೆ."

"ಇನ್ನು ಯಾರೂ ಇಳಿಯಬೇಡಿ. ನಾನೂ ನಿಲ್ಲಿಸುವುದಿಲ್ಲ."

ಈ ಸಲ ನಿಜವಾದ ಪರೀಕ್ಷೆ. ಏರಿನ ನಡುವಿನ ತಿರುವಿನಲ್ಲಿ ಚಿತ್ರಾ ಮೊದಲನೇ ಗೇರಿಗೆ ಬಂದಳು. ಎಂಜಿನ್ ಗಂಟಲು ಹರಿಯುವಂತೆ ಕೂಗಿತು, ಆದರೂ ಎಲ್ಲೂ ತಪ್ಪದೆ ಮೇಲೇರಿತು. ಅವಳ ಲೆಕ್ಕಾಚಾರ ಸರಿಯಾಗಿತ್ತು. ಹಿಗ್ಗಿ ಪಕ್ಕಕ್ಕೆ ನೋಡಿದರೆ ಮಾವನ ಕೈ ಬಾಗಿಲಿನ ಹಿಡಿಯ ಮೇಲೆ.

"ನಿಲ್ಲಿಸು ಚಿತ್ರಾ, ನಾನು ಇಳಿತೇನೆ. ಪಾಪ, ಎಷ್ಟು ಕೂಗ್ತದೆ ನೋಡು!"

"ಅದು ಕೂಗುವುದೇ ಹಾಗೆ ಮಾವ, ಅದಕ್ಕೆ ಎಂತದೂ ಆಗುವುದಿಲ್ಲ."

ಅವರ ಕೈ ಹಿಡಿ ಬಿಡಲಿಲ್ಲ.

ಆಮೇಲೆ ಟರ್ಬೊ. ಎರಡನೇ ಗೇರಿನಲ್ಲೇ ತಿರುವಿಗೆ ನುಗ್ಗಿದಾಗ ಕಾರು ಒಂದು ಗಳಿಗೆ ಯೋಚನೆಯಲ್ಲಿ ನಿಂತಂತಾಗಿ, ಮರುಗಳಿಗೆ ಛಂಗನೆ ನೆಗೆದು ದಾಸವಾಳದ ಬೇಲಿ ಸವರಿತು.

"ಅಯ್ಯೋ, ಇದು ಕಾರಾ, ಕುದುರೆಯಾ?" ಎಂದು ಅತ್ತೆ ಕಿರುಚಿದರು.

"ಹೇಳಿದ್ದೆನಲ್ಲ!" ಎಂದಳು ಚಿತ್ರಾ, ಗೆದ್ದ ದನಿಯಲ್ಲಿ.

"ಅದಕ್ಕೆ ಮೊದಲನೇ ಗೇರು, ಇದಕ್ಕೆ ಎರಡನೇದಾ? ಇದು ಯಾವ ಊರಿನ ವಿಜ್ಞಾನ ಟೀಚರೇ?" ಎಂದ ಶಿವಪ್ರಸಾದ.

ಮಾತು ನ್ಯಾಯವಾಗಿತ್ತು. ಚಿತ್ರಾ ಮತ್ತೆ ಕಾರನ್ನು ಬುಡಕ್ಕೆ ಇಳಿಸಿ, ತಿರುವಿಗೆ ಮೊದಲೇ ಗೇರು ತಗ್ಗಿಸಿ ಹತ್ತಿಸಿದಳು. ಈಗ ಟರ್ಬೊ ತೂಕಡಿಸಲಿಲ್ಲ. ಹೆಚ್ಚು ಸದ್ದೂ ಇಲ್ಲ, ಒದ್ದಾಟವೂ ಇಲ್ಲ. ಮಾವ ಪಂಚಾಯತಿನ ಹೊಸ ಬಸ್ ನಿಲ್ದಾಣ ತಪ್ಪು ಜಾಗದಲ್ಲಿದೆ ಎಂದು ಶುರು ಮಾಡಿದ್ದರು. ಎರಡೂ ಕೈಗಳು ಗಾಳಿಯಲ್ಲಿ ಆ ನಿಲ್ದಾಣವನ್ನು ಎತ್ತಿ ಬೇರೆಡೆ ಇಡುತ್ತಿದ್ದವು. ಕಾರು ನಿಂತಾಗ ತಬ್ಬಿಬ್ಬಾಗಿ ಹೊರಗೆ ನೋಡಿದರು.

"ಎಂತ, ಮನೆ ಬಂತಾ?"

ಚಿತ್ರಾ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕಳು. ತನ್ನ ಲೆಕ್ಕಾಚಾರದಲ್ಲಿ, ಕೂಗುವ ಕಾರಿನ ಮೇಲೆ ಮಾವನಿಗಿದ್ದ ಕನಿಕರಕ್ಕೆ ಅವಳು ಜಾಗವನ್ನೇ ಕೊಟ್ಟಿರಲಿಲ್ಲ.

"ಲ್ಯಾರಿ, ಟರ್ಬೊವೇ ಇರಲಿ."

ಶಿವಪ್ರಸಾದ ಚಪ್ಪಾಳೆ ತಟ್ಟಿದ. ಲ್ಯಾರಿ ಇಳಿದು ಮಾವನ ಬಾಗಿಲು ತೆರೆದ. ಅವರು ಕದಲಲಿಲ್ಲ.

"ಮಾವ, ಇಳಿಯುವುದಿಲ್ಲವಾ?"

"ಇಳಿದು ಎಂತ ಮಾಡುವುದು?" ಎಂದರು ವೆಂಕಟಕೃಷ್ಣರು, ಸೀಟ್ ಬೆಲ್ಟನ್ನು ಬಿಗಿ ಮಾಡಿಕೊಳ್ಳುತ್ತ. "ಹೇಗೂ ತಿರುಗಿಸ್ತೀಯಲ್ಲ, ಹಾಗೇ ಪೇಟೆಗೆ ಬಿಡು. ಆ ಬಸ್ ನಿಲ್ದಾಣದ ವಿಷಯ ಚೆನ್ನಪ್ಪನಿಗೆ ಸರಿಯಾಗಿ ಹೇಳಲಿಕ್ಕೆ ಉಂಟು."